‘ಡೈಲಿ ಡಿಸ್‌ಪ್ಯಾಚ್’ ಓದು: 1865ರ ಜನವರಿಯಿಂದ ಏಪ್ರಿಲ್ 1ರವರೆಗೆ

ಅಂತೂ ಏಪ್ರಿಲ್ 1ರ ಸಂಚಿಕೆಗೆ ಬಂದು ಮುಟ್ಟಿದ್ದೇನೆ. ಅಮೆರಿಕದ ಅಂತರ್ಯುದ್ಧದ ಕೊನೆಯ ತಿಂಗಳುಗಳನ್ನು ರಿಚ್‌ಮಂಡ್‌ನ ‘ಡೈಲಿ ಡಿಸ್‌ಪ್ಯಾಚ್’ ಪತ್ರಿಕೆಯಲ್ಲಿ ಒಂದೊಂದೇ ಸಂಚಿಕೆ ಓದಿ ಟಿಪ್ಪಣಿ ಮಾಡಬೇಕು ಅಂತ ಶುರು ಮಾಡಿದ ಕೆಲಸ ಇದು. ಮೊದಲ ಹಂತ ಇಲ್ಲಿಗೆ ನಿಂತಿತು. ನಾನು ನಿಲ್ಲಿಸಿದ್ದಲ್ಲ, ಪತ್ರಿಕೆಯೇ ನಿಂತಿದ್ದು. 1865ರ ಏಪ್ರಿಲ್ 2 ಭಾನುವಾರ, ಪತ್ರಿಕೆಗೆ ರಜೆ. ಸೋಮವಾರ ಅದರ ಕಚೇರಿ ಬೆಂಕಿಯಲ್ಲಿ ಹೋಯಿತು. ಡಿಸ್‌ಪ್ಯಾಚ್ ಮತ್ತೆ ಹೊರಬಂದಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ.

ನಮ್ಮ ಕಡೆಯವನಿಗೆ ಈ ಪತ್ರಿಕೆಯ ಹುಚ್ಚು ಯಾಕೆ ಅಂತ ಕೇಳುವವರಿಗೆ ಒಂದು ಮಾತು. ನಾನು ಇಲ್ಲಿಗೆ ಬಂದದ್ದು ಹತ್ತಿಯ ದಾರಿಯಲ್ಲಿ. ಆ ಯುದ್ಧದಿಂದ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಲಾಭ ಆದವರಲ್ಲಿ ಧಾರವಾಡ ಸೀಮೆಯ ಹತ್ತಿ ವ್ಯಾಪಾರಿಗಳೂ ಇದ್ದರು. ಅಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಬೆಳೆಯುತ್ತಿದ್ದರು. ‘ಧಾರವಾಡ್-ಅಮೆರಿಕನ್’ ಅಂತಲೇ ಅದರ ಹೆಸರು. ಆ ಹತ್ತಿಯನ್ನು ಹತ್ತಿರದ ಬಂದರಿಗೆ ಸಾಗಿಸೋಣ ಅಂತ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಬಾಂಬೆಗೆ ಸೇರಿಸಿದರು. ಕಾರವಾರ ಬಂದರಿನ ಕಥೆ ಶುರುವಾಗುವುದೂ ಅಲ್ಲೇ. 1865ರಲ್ಲಿ ಯುದ್ಧ ಮುಗಿದ ಸುದ್ದಿ ಬಂದಾಗ ಬಾಂಬೆಯ ಹತ್ತಿ ಬೆಲೆ ಬಿತ್ತು, ಶೇರು ಪೇಟೆ ನೆಲ ಕಚ್ಚಿತು. ಹಾಗಾದರೆ ಯುದ್ಧ ಮುಗಿಯುತ್ತಿದೆ ಅಂತ ಅಲ್ಲಿನವರಿಗೇ ಯಾವಾಗ ಗೊತ್ತಾಯಿತು? ಅದನ್ನು ನೋಡೋಣ ಅಂತ ಹೋದವನು ಅಲ್ಲೇ ಉಳಿದುಬಿಟ್ಟೆ.

ರಿಚ್‌ಮಂಡ್ ದಕ್ಷಿಣದವರ, ಅಂದರೆ ಕಾನ್ಫೆಡರೇಟ್ ಸರ್ಕಾರದ ರಾಜಧಾನಿ. ಆಗ ಅಲ್ಲಿ ಡಿಸ್‌ಪ್ಯಾಚ್ ಜೊತೆಗೆ ಎಕ್ಸಾಮಿನರ್, ಎನ್‌ಕ್ವೈರರ್, ವಿಗ್, ಸೆಂಟಿನೆಲ್ ಎಲ್ಲ ಇದ್ದವು. ಎಕ್ಸಾಮಿನರ್‌ನ ಸಂಪಾದಕ ಜಾನ್ ಡೇನಿಯಲ್ ಖಾರ ಬರೆಯುವವ. ಅಧ್ಯಕ್ಷ ಜೆಫರ್ಸನ್ ಡೇವಿಸ್‌ನನ್ನು ಸುಮ್ನೆ ಬಿಟ್ಟವನಲ್ಲ. ಊರು ಬೀಳುವುದಕ್ಕೆ ಕೆಲವೇ ದಿನ ಮೊದಲು, ಮಾರ್ಚ್ 30ರಂದು, 39ನೇ ವಯಸ್ಸಿಗೇ ತೀರಿಕೊಂಡ. ಡಿಸ್‌ಪ್ಯಾಚ್‌ಗೆ ಅಷ್ಟು ಖಾರ ಇಲ್ಲ. ಜೇಮ್ಸ್ ಕಾವರ್ಡಿನ್ 1850ರಲ್ಲಿ ಶುರು ಮಾಡಿದ ಅಗ್ಗದ ಪತ್ರಿಕೆ ಅದು. ಊರಿನ ಕೋರ್ಟು, ಕಳ್ಳತನ, ಹರಾಜು, ಬಾಡಿಗೆ ಮನೆ ಎಲ್ಲ ಅದರಲ್ಲಿ ಸಿಗುತ್ತದೆ. ನನಗೆ ಬೇಕಾಗಿದ್ದೂ ಅದೇ.

ಓದುವ ಕ್ರಮ ಬಹಳ ಸರಳ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪುಟಗಳ ಚಿತ್ರಗಳನ್ನು ಪುಕ್ಕಟೆ ಇಟ್ಟಿದೆ. ರಿಚ್‌ಮಂಡ್ ವಿಶ್ವವಿದ್ಯಾಲಯದವರು ಯುದ್ಧದ ವರ್ಷಗಳ ಸಂಚಿಕೆಗಳನ್ನು ಪಠ್ಯವಾಗಿಯೂ ಮಾಡಿಸಿದ್ದಾರೆ, ಹತ್ತಿರ ಹತ್ತಿರ 2.4 ಕೋಟಿ ಪದ. ಹುಡುಕುವುದಕ್ಕೆ ಪಠ್ಯ, ಓದುವುದಕ್ಕೆ ಚಿತ್ರ. ಪಠ್ಯ ಮಾತ್ರ ನೋಡಿದರೆ ಯಾವ ಸುದ್ದಿಯ ಪಕ್ಕ ಯಾವ ಜಾಹೀರಾತು ಕೂತಿತ್ತು ಅನ್ನುವುದು ಕಾಣುವುದಿಲ್ಲ. ಅದೇ ತಾನೇ ಮಜಾ ಇರುವುದು! ಪುಟದ ತುಂಬ ಇರುವೆ ಸಾಲಿನಂಥ ಅಕ್ಷರ. ಆಗಿನ ಕಾಲದಲ್ಲಿ ಪುಟದ ಅಗಲಕ್ಕೆ ಹರಡಿದ ತಲೆಬರಹ ಅನ್ನುವುದೇ ಇರಲಿಲ್ಲ. ಪಟ್ಟಣ ಬಿದ್ದರೂ ಒಂದೇ ಕಾಲಂ, ಕುದುರೆ ಕಳೆದರೂ ಒಂದೇ ಕಾಲಂ.

ನನ್ನ ಸ್ಪ್ರೆಡ್‌ಶೀಟ್‌ನಲ್ಲಿ ಘಟನೆ ನಡೆದ ದಿನ, ಅಚ್ಚಾದ ದಿನ, ಎಷ್ಟು ತಡ ಅಂತ ಕಾಲಂಗಳಿವೆ. ಕೊನೆಯದು, ಸುದ್ದಿ ಯಾರ ಬಾಯಿಂದ ಬಂತು ಅನ್ನುವುದು. ಸುಮ್ನೆ ಇರಲಿ ಅಂತ ಸೇರಿಸಿದ ಈ ಕೊನೆಯ ಕಾಲಂ ಈಗ ಇಡೀ ಶೀಟ್‌ನ ಜೀವ ಆಗಿದೆ.

ಜನವರಿ

ತಿಂಗಳು ಶುರುವಾಗುವಾಗಲೇ ಪರಿಸ್ಥಿತಿ ಕೆಟ್ಟಿತ್ತು. ಡಿಸೆಂಬರ್ 15-16ಕ್ಕೆ ನ್ಯಾಶ್‌ವಿಲ್‌ನಲ್ಲಿ ದಕ್ಷಿಣದ ದಂಡನಾಯಕ ಹುಡ್‌ನ ಸೈನ್ಯ ಚಿಂದಿಯಾಗಿತ್ತು. 21ಕ್ಕೆ ಸವಾನಾ ಪಟ್ಟಣ ಉತ್ತರದ ದಂಡನಾಯಕ ಶರ್ಮನ್ ಕೈಗೆ ಹೋಗಿತ್ತು. ಜನವರಿ 15ಕ್ಕೆ ಫೋರ್ಟ್ ಫಿಶರ್ ಬಿತ್ತು. ಅದರೊಂದಿಗೆ ವಿಲ್ಮಿಂಗ್ಟನ್ ಬಂದರಿನ ಬಾಗಿಲು ಮುಚ್ಚಿತು. ಹೊರಗಿನ ಮಾಲು ಕದ್ದುಮುಚ್ಚಿ ಬರುತ್ತಿದ್ದ ಕೊನೆಯ ದೊಡ್ಡ ಬಂದರು ಅದು.

ಆದರೆ ಇದನ್ನೆಲ್ಲ ಪತ್ರಿಕೆ ಹೇಳುವ ರೀತಿ ನೋಡಬೇಕು. ಸೋಲು ಅನ್ನುವುದು ಬರುವುದಿಲ್ಲ. ಕೋಟೆ ಹೋದರೆ ಹೋಯಿತು, ಕಾಯುವ ಸೈನ್ಯ ಬೇರೆ ಕಡೆಗೆ ಸಿಕ್ಕಿತಲ್ಲ ಅನ್ನುವ ಧಾಟಿ. ಓದುಗರೂ ಇದನ್ನು ಪೂರ್ತಿ ನಂಬಿದ್ದರು ಅಂತ ನನಗನ್ನಿಸುವುದಿಲ್ಲ. ಯಾಕೆಂದರೆ ಅದೇ ಪತ್ರಿಕೆಯಲ್ಲಿ ಉತ್ತರದ ಪತ್ರಿಕೆಗಳಿಂದ ಎತ್ತಿದ ಸುದ್ದಿಗಳೂ ಇರುತ್ತಿದ್ದವು. ಅದು ಹೇಗೆ ಅಂತೀರಾ? ಎದುರುಬದುರು ನಿಂತ ಕಾವಲು ಸಿಪಾಯಿಗಳು ಹೊಗೆಸೊಪ್ಪು ಕೊಟ್ಟು ಕಾಫಿಪುಡಿ ತಗೊಳ್ಳುತ್ತಿದ್ದರು. ಹಾಗೇ ಪತ್ರಿಕೆಗಳನ್ನೂ ಅದಲುಬದಲು ಮಾಡುತ್ತಿದ್ದರು. ಕೈದಿಗಳ ವಿನಿಮಯಕ್ಕೆ ಬಿಳಿ ಬಾವುಟದ ದೋಣಿ ಬಂದಾಗಲೂ ನ್ಯೂಯಾರ್ಕ್ ಪತ್ರಿಕೆಗಳು ಬರುತ್ತಿದ್ದವು. ತಮ್ಮದೇ ಸೈನ್ಯದಿಂದ ತಂತಿ ಬಾರದಿದ್ದಾಗ ಶತ್ರುವಿನ ಪತ್ರಿಕೆಯೇ ಗತಿ.

ಫೆಬ್ರವರಿ

ಜಾಸ್ತಿ ಹೊತ್ತು ಕೂತದ್ದು ಈ ತಿಂಗಳ ಮೇಲೆ.

ಫೆಬ್ರವರಿ 3ರಂದು ಹ್ಯಾಂಪ್ಟನ್ ರೋಡ್ಸ್‌ನಲ್ಲಿ, ‘ರಿವರ್ ಕ್ವೀನ್’ ಅನ್ನುವ ಹಡಗಿನಲ್ಲಿ, ಲಿಂಕನ್ ಮತ್ತು ದಕ್ಷಿಣದ ಮೂವರು ಪ್ರತಿನಿಧಿಗಳು ಮಾತಿಗೆ ಕೂತರು. ಮಾತು ಮುರಿಯಿತು. ಅದಕ್ಕೆ ಮುಂಚೆ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದ ರಿಚ್‌ಮಂಡ್ ಪತ್ರಿಕೆಗಳು ಈಗ ಒಂದೇ ಸ್ವರ ಹಿಡಿದವು: ಇನ್ನು ಹೋರಾಟ ಬಿಟ್ಟು ಬೇರೆ ದಾರಿ ಇಲ್ಲ. 6ರಂದು ಮತ್ತೆ 9ರಂದು ಸಾರ್ವಜನಿಕ ಸಭೆ ನಡೆಯಿತು. ಡೇವಿಸ್‌ನೇ ಬಂದು ಭಾಷಣ ಮಾಡಿದ. ಸಭೆ ನಡೆದ ಜಾಗ ಯಾವುದು ಗೊತ್ತಾ? ಊರಿನ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚ್. ಕಪ್ಪು ಜನರ ಸಭೆ ಸೇರುತ್ತಿದ್ದ ಚರ್ಚ್. ಊರಿನಲ್ಲಿ ಅಷ್ಟು ದೊಡ್ಡ ಸಭಾಂಗಣ ಬೇರೆ ಇರಲಿಲ್ಲವಂತೆ. ಗುಲಾಮಗಿರಿ ಉಳಿಸುವ ಯುದ್ಧಕ್ಕೆ ಹುರುಪು ತುಂಬಲು ಗುಲಾಮರ ಚರ್ಚೇ ಬೇಕಾಯಿತು.

ಈಗ ನನ್ನ ಮೆಚ್ಚಿನ ಸಾಲು. ಫೆಬ್ರವರಿ 17ರಂದು ಶರ್ಮನ್ ಸೈನ್ಯ ದಕ್ಷಿಣ ಕೆರೊಲಿನಾದ ಕೊಲಂಬಿಯಾ ಪಟ್ಟಣ ಹೊಕ್ಕಿತು. 18ರ ಬೆಳಗ್ಗೆ ಡಿಸ್‌ಪ್ಯಾಚ್‌ನಲ್ಲಿ ಆ ಸುದ್ದಿ ಬಂತು. ಚಾರ್ಲ್ಸ್‌ಟನ್ ಕೂಡ ಬಿಡಬೇಕಾಗುತ್ತದೆ, ಬಹುಶಃ ಈಗಾಗಲೇ ಬಿಡುತ್ತಿದ್ದಾರೆ ಅಂತ ಪತ್ರಿಕೆ ಅಂದಾಜು ಮಾಡಿತ್ತು. ಅದೇ 18ರಂದು ಊರಿನಾಚೆ ಸಿಟಿ ಪಾಯಿಂಟ್‌ನಲ್ಲಿ ಬೀಡುಬಿಟ್ಟಿದ್ದ ಉತ್ತರದ ಸೇನಾಪತಿ ಗ್ರಾಂಟ್ ತನ್ನ ಸರ್ಕಾರಕ್ಕೆ ತಂತಿ ಕಳಿಸಿದ: ಈ ಬೆಳಗಿನ ರಿಚ್‌ಮಂಡ್ ಡಿಸ್‌ಪ್ಯಾಚ್ ಹೀಗೆ ಹೇಳುತ್ತಿದೆ, ಅಂತ. ತನ್ನದೇ ದಂಡನಾಯಕ ಶರ್ಮನ್ ಎಲ್ಲಿದ್ದಾನೆ ಅನ್ನುವುದನ್ನು ಗ್ರಾಂಟ್ ತಿಳಿದದ್ದು ಶತ್ರು ರಾಜಧಾನಿಯ ಪತ್ರಿಕೆಯಿಂದ! ಶರ್ಮನ್ ಹೋದ ದಾರಿಯಲ್ಲಿ ಉತ್ತರದವರಿಗೆ ತಂತಿ ಇರಲಿಲ್ಲ. ದಕ್ಷಿಣದವರಿಗೆ ಇತ್ತು. ಅವರು ತಂತಿಯಲ್ಲಿ ತಿಳಿದು ಅಚ್ಚು ಹಾಕಿದರು, ಅಚ್ಚಾದ ಹಾಳೆ ಸಂಜೆಯೊಳಗೆ ಗಡಿ ದಾಟಿತು. ಸೇನೆಯ ಓಡಾಟ ಬರೆಯಬೇಡಿ ಅಂತ ಯುದ್ಧ ಇಲಾಖೆ ಪತ್ರಿಕೆಗಳನ್ನು ಮತ್ತೆ ಮತ್ತೆ ಕೇಳಿಕೊಳ್ಳುತ್ತಿದ್ದದ್ದು ಸುಮ್ನೆ ಅಲ್ಲ.

ಚಾರ್ಲ್ಸ್‌ಟನ್ ಬಗ್ಗೆ ಪತ್ರಿಕೆಯ ಅಂದಾಜು ಸರಿಯಾಗಿತ್ತು. 17ರ ರಾತ್ರಿಯೇ ದಕ್ಷಿಣದ ಸೈನ್ಯ ಅದನ್ನು ಖಾಲಿ ಮಾಡಿತ್ತು. 22ಕ್ಕೆ ವಿಲ್ಮಿಂಗ್ಟನ್ ಹೋಯಿತು.

ಮಾರ್ಚ್

ಯುದ್ಧದ ಸುದ್ದಿಯಲ್ಲಿ ಈ ತಿಂಗಳು ನನಗೆ ಅಷ್ಟೇನೂ ಸಿಗಲಿಲ್ಲ. ಬೆಂಟನ್‌ವಿಲ್, ಫೋರ್ಟ್ ಸ್ಟೆಡ್‌ಮನ್ ಕಾಳಗಗಳು ಬಂದು ಹೋದವು. ಸುದ್ದಿ ಬಿಟ್ಟು ಜಾಹೀರಾತಿಗೆ ಇಳಿದೆ.

ಮಾರ್ಚ್ 13ಕ್ಕೆ ಕಾನ್ಫೆಡರೇಟ್ ಕಾಂಗ್ರೆಸ್ ಕಪ್ಪು ಜನರನ್ನು ಸೈನಿಕರಾಗಿ ಸೇರಿಸಿಕೊಳ್ಳುವ ಕಾನೂನು ಮಾಡಿತು. ಸೇರಿದವರಿಗೆ ಬಿಡುಗಡೆ ಅಂತ ಆ ಕಾನೂನಿನಲ್ಲಿ ಇರಲಿಲ್ಲ. ಆಮೇಲೆ 23ರಂದು ಹೊರಟ ಸೇನಾ ಆದೇಶದಲ್ಲಿ ಒಡೆಯನ ಒಪ್ಪಿಗೆಯೂ ಬಿಡುಗಡೆ ಪತ್ರವೂ ಬೇಕು ಅಂತ ಬಂತು. ಮೇಜರ್ ಪೆಗ್ರಾಮ್, ಮೇಜರ್ ಟರ್ನರ್ ಅನ್ನುವ ಇಬ್ಬರ ಹೆಸರಲ್ಲಿ ಊರಿನ ಪತ್ರಿಕೆಗಳಲ್ಲಿ ಕರೆ ಹೊರಟಿತು: ನಿಮ್ಮ ಗುಲಾಮರನ್ನು ದೇಶಕ್ಕೆ ಕೊಡಿ. ಅದೇ ದಿನಗಳಲ್ಲಿ ಓಡಿಹೋದ ಗುಲಾಮರನ್ನು ಹಿಡಿದುಕೊಟ್ಟವರಿಗೆ ಬಹುಮಾನ ಅನ್ನುವ ಜಾಹೀರಾತುಗಳೂ ಎಂದಿನಂತೆ ಇವೆ. ಎತ್ತರ, ಮೈಬಣ್ಣ, ಹಾಕಿದ್ದ ಅಂಗಿ, ಮಾತಾಡುವಾಗ ನೆಲ ನೋಡುತ್ತಾನೆ ಅನ್ನುವಂಥ ಚಹರೆ. ಇಂಥ ಕಡೆ ಹೆಂಡತಿ ಇದ್ದಾಳೆ, ಅಲ್ಲಿಗೇ ಹೋಗಿರಬಹುದು ಅನ್ನುವ ಸುಳಿವು.

ಈ ಸುಳಿವಿನ ಸಾಲುಗಳನ್ನು ಬೇರೆ ಶೀಟ್‌ಗೆ ಎತ್ತಿಕೊಳ್ಳುತ್ತಿದ್ದೇನೆ. ಯುದ್ಧಕ್ಕೆ ಮುಂಚೆ ಓಡುವವರು ಓಹಾಯೊ, ಪೆನ್ಸಿಲ್ವೇನಿಯಾವರೆಗೆ ಹೋಗಬೇಕಿತ್ತು. ಈಗ ಊರಿನಾಚೆ ಕೆಲವು ಮೈಲಿ ನಡೆದರೆ ಉತ್ತರದ ಸೈನ್ಯ. ಶತ್ರುಗಳ ಕಡೆ ಹೋಗಲು ಪ್ರಯತ್ನಿಸುತ್ತಿರಬಹುದು ಅಂತ ಒಡೆಯರೇ ದುಡ್ಡು ಕೊಟ್ಟು ಅಚ್ಚು ಹಾಕಿಸುತ್ತಾರೆ. ಸಂಪಾದಕೀಯ ಏನೇ ಅನ್ನಲಿ, ಗಡಿ ಎಲ್ಲಿಗೆ ಬಂದು ನಿಂತಿದೆ ಅನ್ನುವುದು ಈ ಸಾಲಿನಲ್ಲಿ ಇದೆ. ನನ್ನ ಮಟ್ಟಿಗೆ ಯುದ್ಧದ ಅಂತ್ಯ ಮೊದಲು ಕಾಣಿಸಿದ್ದು ಇಲ್ಲೇ.

ಬೆಲೆಗಳದ್ದು ಇನ್ನೊಂದು ಕಥೆ. ಒಂದು ಚಿನ್ನದ ಡಾಲರ್‌ಗೆ ಸುಮಾರು 60 ಕಾನ್ಫೆಡರೇಟ್ ಡಾಲರ್ ಕೊಡಬೇಕಾಗಿದ್ದ ಕಾಲ. ಒಂದು ಪೀಪಾಯಿ ಗೋಧಿಹಿಟ್ಟು ಸಾವಿರ ಡಾಲರ್ ದಾಟಿತ್ತು. ಆದ್ದರಿಂದ ಬಹುಮಾನದ ಮೊತ್ತ ಸಾವಿರ ಅಂತ ಕಂಡರೆ ದೊಡ್ಡದು ಅಂದುಕೊಳ್ಳಬೇಡಿ, ಅದು ಒಂದು ಪೀಪಾಯಿ ಹಿಟ್ಟಿಗೂ ಸಾಲದು. ಬೆಲೆಗಳ ಗ್ರಾಫ್ ಹಾಕಬೇಕು ಅಂತ ಆಸೆ ಇದೆ. ಆದರೆ ಮಾಲಿನ ದರ್ಜೆ ಒಂದೊಂದು ದಿನ ಒಂದೊಂದು ಥರ ಬರೆದಿರುವುದರಿಂದ ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಏಪ್ರಿಲ್ 1 ಮತ್ತು ಆಮೇಲೆ

ಏಪ್ರಿಲ್ 1 ಶನಿವಾರ. ಆ ದಿನ ಫೈವ್ ಫೋರ್ಕ್ಸ್‌ನಲ್ಲಿ ನಡೆದ ಕಾಳಗದಲ್ಲಿ ದಕ್ಷಿಣದ ಸೇನಾಪತಿ ಲೀಯ ಬಲಗಡೆಯ ಸಾಲು ಮುರಿಯಿತು. ಆದರೆ ಪತ್ರಿಕೆ ಅಚ್ಚಾಗಿದ್ದು ಬೆಳಗ್ಗೆ, ಕಾಳಗ ಮುಗಿದದ್ದು ಸಂಜೆ. ಹಾಗಾಗಿ ಕೊನೆಯ ಸಂಚಿಕೆಗೆ ಏನೂ ಗೊತ್ತಿಲ್ಲ.

ಭಾನುವಾರ ಬೆಳಗ್ಗೆ ಸೇಂಟ್ ಪಾಲ್ ಚರ್ಚಿನಲ್ಲಿ ಕೂತಿದ್ದ ಡೇವಿಸ್‌ಗೆ ಲೀಯ ತಂತಿ ತಲುಪಿತು. ರಾತ್ರಿ ಸರ್ಕಾರ ರೈಲು ಹತ್ತಿತು. ಗುಲಾಮರ ವ್ಯಾಪಾರಿ ರಾಬರ್ಟ್ ಲಂಪ್‌ಕಿನ್ ಸುಮಾರು 50 ಜನರನ್ನು ಸರಪಳಿ ಹಾಕಿಕೊಂಡು ಅದೇ ನಿಲ್ದಾಣಕ್ಕೆ ಬಂದಿದ್ದ, ಜಾಗ ಇಲ್ಲ ಅಂತ ವಾಪಸ್ ಕಳಿಸಿದರು ಅಂತ ಆಗಿನ ವರದಿಗಾರರು ಬರೆದಿದ್ದಾರೆ. ಹೋಗುವಾಗ ಸೈನ್ಯ ಹೊಗೆಸೊಪ್ಪಿನ ಗೋದಾಮುಗಳಿಗೆ ಹಚ್ಚಿದ ಬೆಂಕಿ ಪೇಟೆಗೆ ಹರಡಿತು. ಡಿಸ್‌ಪ್ಯಾಚ್, ಎಕ್ಸಾಮಿನರ್, ಎನ್‌ಕ್ವೈರರ್ ಕಚೇರಿಗಳು ಸುಟ್ಟವು. ವಿಗ್ ಉಳಿಯಿತು.

4ರ ಮಧ್ಯಾಹ್ನವೇ ವಿಗ್ ಹೊರಬಂತು. ಸೇನಾ ಅಧಿಕಾರಿಗಳ ಒಪ್ಪಿಗೆಯಿಂದ ಪತ್ರಿಕೆ ಮತ್ತೆ ಶುರುವಾಗಿದೆ, ಸಂಪಾದಕರು ಊರು ಬಿಟ್ಟು ಹೋಗಿದ್ದಾರೆ, ಇನ್ನು ಮುಂದೆ ಇದು ಯೂನಿಯನ್, ಅಂದರೆ ಉತ್ತರದ, ಪರ ಪತ್ರಿಕೆ ಅಂತ ಮಾಲೀಕರು ಹೇಳಿಕೊಂಡರು. ಶನಿವಾರದವರೆಗೆ ಒಂದು ಕಡೆ, ಮಂಗಳವಾರ ಇನ್ನೊಂದು ಕಡೆ. ಬೈಯಬೇಕು ಅನ್ನಿಸುತ್ತದೆ ಅಲ್ವಾ? ಆದರೆ ಸುಟ್ಟ ಪೇಟೆಯಲ್ಲಿ ಯಾರ ಅಂಗಡಿ ಉಳಿಯಿತು, ಯಾರದ್ದು ಹೋಯಿತು ಅನ್ನುವ ಪಟ್ಟಿಯನ್ನು ಊರಿಗೆ ಕೊಟ್ಟದ್ದು ಇದೇ ಪತ್ರಿಕೆ.

ಅದೇ 4ರಂದು ಲಿಂಕನ್ ರಿಚ್‌ಮಂಡ್ ಬೀದಿಯಲ್ಲಿ ನಡೆದ. ಅದೇ ದಿನ ‘ಫಿಲಡೆಲ್ಫಿಯಾ ಪ್ರೆಸ್’ ಪತ್ರಿಕೆಯ ಕಪ್ಪು ವರದಿಗಾರ ಥಾಮಸ್ ಮಾರಿಸ್ ಚೆಸ್ಟರ್ ಕಾನ್ಫೆಡರೇಟ್ ಕಾಂಗ್ರೆಸ್ಸಿನ ಸಭಾಂಗಣದಲ್ಲಿ, ಸ್ಪೀಕರ್ ಕುರ್ಚಿಯಲ್ಲಿ ಕೂತು ತನ್ನ ವರದಿ ಬರೆದ. ಆ ವರದಿಗೆ ನನ್ನ ಶೀಟ್‌ನಲ್ಲಿ ಬೇರೆಯೇ ಸಾಲು ಕೊಟ್ಟಿದ್ದೇನೆ.

ಮುಂದೆ

ಎರಡು ಕೆಲಸ ಇವೆ. ಒಂದು, ಡಿಸ್‌ಪ್ಯಾಚ್‌ನಲ್ಲಿ ಸಿಕ್ಕ ಗುಲಾಮರ ಹೆಸರುಗಳನ್ನು ಯುದ್ಧದ ನಂತರದ ಜಾಹೀರಾತುಗಳ ಜೊತೆ ಹೋಲಿಸಿ ನೋಡುವುದು. ಬಿಡುಗಡೆಯಾದವರು ಮಾರಾಟವಾಗಿ ಹೋದ ತಾಯಿ, ಮಕ್ಕಳು, ಅಣ್ಣತಮ್ಮಂದಿರನ್ನು ಹುಡುಕಿ ಕಪ್ಪು ಜನರ ಪತ್ರಿಕೆಗಳಲ್ಲಿ ಜಾಹೀರಾತು ಹಾಕುತ್ತಿದ್ದರು. ವಿಲನೋವಾ ವಿಶ್ವವಿದ್ಯಾಲಯದವರು ಅಂಥ ಸಾವಿರಾರು ಜಾಹೀರಾತು ಕೂಡಿಸಿದ್ದಾರೆ. ಬರೀ ಮೊದಲ ಹೆಸರು ಇರುವುದರಿಂದ ಎಷ್ಟು ಹೊಂದುತ್ತದೋ ನೋಡಬೇಕು.

ಇನ್ನೊಂದು, ವಿಗ್‌ನ ಏಪ್ರಿಲ್ ಸಂಚಿಕೆಗಳು. 9ಕ್ಕೆ ಲೀ ಶರಣಾದದ್ದು, 14ಕ್ಕೆ ಲಿಂಕನ್‌ಗೆ ಗುಂಡು ಬಿದ್ದದ್ದು, 26ಕ್ಕೆ ದಕ್ಷಿಣದ ಇನ್ನೊಬ್ಬ ದಂಡನಾಯಕ ಜಾನ್‌ಸ್ಟನ್ ಶರಣಾದದ್ದು, ಈ ಮೂರಕ್ಕೂ ‘ತಡ’ ಕಾಲಂ ತುಂಬಬೇಕು. ಅದೇ ಸುದ್ದಿ ಬಾಂಬೆಗೆ ಬಂದ ದಿನವನ್ನೂ ಪಕ್ಕದಲ್ಲಿ ಹಾಕಬೇಕು. ಅಟ್ಲಾಂಟಿಕ್ ಕೆಳಗೆ ತಂತಿ ಗಟ್ಟಿಯಾಗಿ ನಿಂತದ್ದು 1866ರಲ್ಲಿ, ಹಾಗಾಗಿ ಇಂಗ್ಲೆಂಡಿನವರೆಗೆ ಹಡಗಿನಲ್ಲೇ ಬಂದಿರಬೇಕು. ಅಲ್ಲಿಂದ ಈಚೆಗೆ ಪರ್ಷಿಯನ್ ಕೊಲ್ಲಿಯ ಹೊಸ ತಂತಿ ಇತ್ತು. ಬಾಂಬೆಯ ಆ ವರ್ಷದ ಪತ್ರಿಕೆಗಳ ಸ್ಕ್ಯಾನ್ ಹುಡುಕಲು ಶುರು ಮಾಡಿದ್ದೇನೆ.