ರೀಲಿನ ಅಂಚಿನ ರಂಧ್ರ

ಮನೆಯ ಹಳೆಯ ರೀಲುಗಳಿಗೊಂದು ಪ್ರೊಜೆಕ್ಟರ್ ಆರಿಸಲೆಂದು ಧಾರವಾಡದ ಕಾಕಾ ಇಂದು ನನ್ನನ್ನು ಹುಬ್ಬಳ್ಳಿಯ ದುರ್ಗದಬೈಲಿನ ಕಡೆಯ ಹಳೆಯ ಸಾಮಾನಿನ ಅಂಗಡಿಗೆ ಕರೆದೊಯ್ದಿದ್ದರು.

ಅಂಗಡಿಯವರು ಲೆನ್ಸಿನ ಹೊಳಪನ್ನು ವರ್ಣಿಸುತ್ತಿದ್ದಾಗ, ಕಾಕಾ ಜೇಬಿನಿಂದ ಫಿಲ್ಮಿನ ತುಂಡೊಂದನ್ನು ತೆಗೆದು ಬೆಳಕಿಗೆ ಹಿಡಿದರು. 1932ರಲ್ಲಿ ಬಂದ 8 ಮಿ.ಮೀ. ಫಿಲ್ಮಿಗೂ 1965ರಲ್ಲಿ ಕೊಡಾಕ್ ತಂದ ಸೂಪರ್ 8ಕ್ಕೂ ಅಗಲ ಒಂದೇ. ಆದರೆ ಸೂಪರ್ 8ರಲ್ಲಿ, ಫಿಲ್ಮನ್ನು ಎಳೆಯಲು ಯಂತ್ರದ ಹಲ್ಲು ಸಿಕ್ಕಿಕೊಳ್ಳುವ ಅಂಚಿನ ರಂಧ್ರವನ್ನು ಕಿರಿದಾಗಿಸಿ, ಉಳಿದ ಜಾಗವನ್ನು ಚಿತ್ರಕ್ಕೇ ಕೊಟ್ಟಿದ್ದಾರೆ. ಒಂದಕ್ಕೆಂದೇ ಮಾಡಿದ ಯಂತ್ರದಲ್ಲಿ ಇನ್ನೊಂದನ್ನು ಓಡಿಸಿದರೆ ಫಿಲ್ಮು ಹರಿದೀತು. ಕಾಕಾ ಅವರದು ದೊಡ್ಡ ರಂಧ್ರದ್ದು.

"ಎರಡೂ ಓಡ್ತಾವೇನ್ರಿ ಇದರಾಗ?"

ಯಂತ್ರದ ಅಂದಕ್ಕಿಂತ ಈ ಪ್ರಶ್ನೆಯೇ ಮುಖ್ಯವೆಂದು ನನಗನ್ನಿಸಿತು. ಮನೆಮಂದಿಯ ನಗುಮುಖಗಳೆಲ್ಲ ಅಷ್ಟು ಸಣ್ಣ ತೂತಿನ ಅಳತೆಗೆ ಕಟ್ಟುಬಿದ್ದಿವೆಯಲ್ಲ! ಬಲ್ಬು ಈಗಲೂ ಸಿಗುತ್ತದೆಯೇ, ರಬ್ಬರ್ ಬೆಲ್ಟು ಗಟ್ಟಿಯಿದೆಯೇ ಎಂಬ ವಿಚಾರಣೆ ಇನ್ನೂ ಬಾಕಿಯಿದೆ.