ಗ್ಲಾಸ್ಟರ್‌ಶೈರಿನ ಹಾಲುಹೂಗಳು: ಕೊಳ್ಳುವ ಮೊದಲು ಎಲೆಯ ಬುಡ ನೋಡಿ

ಶನಿವಾರದ ಸಂತೆಯಲ್ಲಿ ನಾನು 18 ಪೌಂಡ್ ಕೊಟ್ಟು ಕೊಂಡ ಕುಂಡದಲ್ಲಿ ಎರಡೇ ಎರಡು ಮೊಳಕೆಗಳಿದ್ದವು. ಮೊಗ್ಗು ಇನ್ನೂ ಎಲೆಗಳ ನಡುವೆ ಅಡಗಿತ್ತು. ಮಣ್ಣಿಗೆ ಸಿಕ್ಕಿಸಿದ್ದ ಚೀಟಿಯಲ್ಲಿ ‘ಅಗಸ್ಟಸ್’ ಎಂದಿತ್ತು. ಎಡ್ವರ್ಡ್ ಅಗಸ್ಟಸ್ ಬೋಲ್ಸ್ (1865–1954) ಎಂಬ ಪ್ರಸಿದ್ಧ ತೋಟಗಾರನ ಹೆಸರು ಹೊತ್ತ, ದುಂಡು ಹೂವಿನ ಈ ಸ್ನೋಡ್ರಾಪ್ (ಚಳಿಗಾಲದ ಕೊನೆಗೆ ಗೆಡ್ಡೆಯಿಂದ ಅರಳುವ ಪುಟ್ಟ ಬಿಳಿ ಹೂ) ತಳಿಯನ್ನು ನಾನು ಮೂರು ವರ್ಷಗಳಿಂದ ಹುಡುಕುತ್ತಿದ್ದೆ. ಅದು ಅಗಸ್ಟಸ್ ಅಲ್ಲ ಎಂದು ಗೊತ್ತಾಗಲು ನಾಲ್ಕು ಗಂಟೆಯೂ ಬೇಕಾಗಲಿಲ್ಲ. ಫೆಬ್ರವರಿಯಲ್ಲಿ ಈ ಹೂಗಳನ್ನು ನೋಡಲು, ಅದರಲ್ಲೂ ಕೊಳ್ಳಲು, ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ಗೆ ಹೋಗಬೇಕೆಂದಿರುವವರು ಇದನ್ನು ಓದಿಯೇ ಹೊರಡಲಿ ಎಂದು ಬರೆಯುತ್ತಿದ್ದೇನೆ.

ನಾನಿರುವ ರೆಡಿಂಗ್‌ನಿಂದ ಚೆಲ್ಟನಮ್‌ಗೆ ರೈಲಿದೆ. ಸಾಗರದಿಂದ ಬಂದಿದ್ದ ಅಕ್ಕನನ್ನೂ ಕರೆದುಕೊಂಡು ಹೋಗಿ ಅಲ್ಲಿ ಮೂರು ರಾತ್ರಿ ಉಳಿದೆ. ಅಲ್ಲಿಂದ ಸೈರನ್‌ಸೆಸ್ಟರ್ ಕಡೆಗೆ ಹೋಗುವ ರಸ್ತೆಯಲ್ಲಿ ಕೋಲ್ಸ್‌ಬರ್ನ್ ಎಂಬ ಹಳ್ಳಿಯಿದೆ. 1874ರಲ್ಲಿ ಟರ್ಕಿಯ ಸ್ಮಿರ್ನಾ, ಅಂದರೆ ಈಗಿನ ಇಜ್ಮಿರ್, ಸಮೀಪದ ಬೆಟ್ಟಗಳಲ್ಲಿ ಅಗಲ ಎಲೆಯ ಒಂದು ಸ್ನೋಡ್ರಾಪ್ ಕಂಡ ಹೆನ್ರಿ ಜಾನ್ ಎಲ್ವೆಸ್‌ನ ಮನೆತನದ ತೋಟ ಅದೇ ಹಳ್ಳಿಯದು. ಆ ಗಿಡಕ್ಕೆ ಅವನ ಹೆಸರೇ ನಿಂತು ಗ್ಯಾಲಂಥಸ್ ಎಲ್ವೆಸಿಐ ಆಯಿತು. ಗ್ಯಾಲಂಥಸ್ ಎಂದರೆ ಗ್ರೀಕಿನಲ್ಲಿ ಹಾಲುಹೂ. ಕಾಡುಪ್ರಭೇದಗಳು ಸುಮಾರು ಇಪ್ಪತ್ತೇ ಇದ್ದರೂ ಹೆಸರಿಟ್ಟ ತಳಿಗಳು ಸಾವಿರಕ್ಕೂ ಹೆಚ್ಚು. ದೂರದಿಂದ ನೋಡಿದವರಿಗೆ ಅವೆಲ್ಲವೂ ಒಂದೇ ಬಿಳಿ ಹೂ.

ತೋಟದಲ್ಲಿ ಅಗಸ್ಟಸ್ ಎಂಬ ಫಲಕವಿದ್ದ ಗುಂಪಿನ ಮುಂದೆ ನಾನು ಹೂವನ್ನೇ ನೋಡುತ್ತಾ ನಿಂತಿದ್ದಾಗ ಅಕ್ಕ ಬಗ್ಗಿ ಬುಡವನ್ನು ನೋಡಿದಳು. “ತಮ್ಮಾ, ನಿನ್ನ ಕುಂಡದ ಎಲೆ ಹೀಗಿಲ್ಲವಲ್ಲ, ಒಮ್ಮೆ ತೆಗೆ ನೋಡೋಣ” ಎಂದಳು. ಚೀಲದಿಂದ ಕುಂಡ ತೆಗೆದು ಪಕ್ಕದಲ್ಲಿ ಇಟ್ಟೆ. ನೆಲದಲ್ಲಿದ್ದ ಗಿಡದ ಎಲೆಗಳು ಅಗಲವಾಗಿದ್ದು, ನಡುವೆ ಬೆಳ್ಳಿಬಣ್ಣದ ಪಟ್ಟೆಯಿತ್ತು. ಎರಡೂ ಅಂಚುಗಳು ಸೀರೆಯ ಮಡಿಕೆಯಂತೆ ಹಿಂದಕ್ಕೆ ಮಡಿಚಿಕೊಂಡಿದ್ದವು. ನನ್ನ ಕುಂಡದವು ಸಪೂರ, ಅಂಗೈಗೆ ಅಂಗೈ ಜೋಡಿಸಿದಂತೆ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿದ್ದವು. ಅಂದರೆ ಅದು ಇಲ್ಲಿಯ ಚರ್ಚ್ ಅಂಗಳಗಳಲ್ಲಿ ಕಾಲಿಟ್ಟಲ್ಲೆಲ್ಲ ಬೆಳೆಯುವ ಸಾಮಾನ್ಯ ಗ್ಯಾಲಂಥಸ್ ನಿವಾಲಿಸ್.

ಅಕ್ಕನಿಗೆ ಈ ಕಣ್ಣು ಬಂದದ್ದು ಅಪ್ಪೆಮಿಡಿಯಿಂದ. ನಮ್ಮ ಕಡೆ ಮಿಡಿಯ ಗಾತ್ರ ನೋಡಿ ಯಾರೂ ಜಾತಿ ಹೇಳುವುದಿಲ್ಲ; ತೊಟ್ಟು ಮುರಿದು ಸೊನೆ ಮೂಸುತ್ತಾರೆ, ಎಲೆ ಹೊಸಕಿ ಮೂಸುತ್ತಾರೆ. ಅನಂತಭಟ್ಟನ ಅಪ್ಪೆಯಂತೆ ಅಲ್ಲಿಯೂ ಗಿಡಕ್ಕೆ ಮನುಷ್ಯರ ಹೆಸರುಗಳೇ. ಸ್ಕಾಟ್ಲೆಂಡಿನ ಡಂಫ್ರೀಸ್‌ನ ಸ್ಯಾಮ್ಯುಯೆಲ್ ಆರ್ನಟ್‌ನ ಹೆಸರಿನ ‘ಎಸ್. ಆರ್ನಟ್’ ತಳಿಯ ಜೇನಿನ ಪರಿಮಳವನ್ನು ಅಕ್ಕ ಕಣ್ಣು ಮುಚ್ಚಿಯೇ ಗುರುತಿಸಿದಳು.

ಆದ್ದರಿಂದ ನೋಡುವ ಕ್ರಮ ಹೀಗಿರಲಿ. ಮೊದಲು ಬುಡ: ಎಲೆಗಳು ಚಪ್ಪಟೆಯಾಗಿ ಜೋಡಿಸಿಕೊಂಡಿದ್ದರೆ ನಿವಾಲಿಸ್, ಅಂಚು ಹಿಂದಕ್ಕೆ ಮಡಿಚಿದ್ದರೆ ಪ್ಲಿಕೇಟಸ್ ಪ್ರಭೇದ (ಅಗಸ್ಟಸ್ ಇದರದೇ ತಳಿ), ವೀಳ್ಯದ ಸುರುಳಿಯಂತೆ ಒಂದು ಎಲೆ ಇನ್ನೊಂದನ್ನು ಸುತ್ತಿಕೊಂಡಿದ್ದರೆ ಎಲ್ವೆಸಿಐ. ಮಿಶ್ರತಳಿಗಳಲ್ಲಿ ಇವು ಬೆರೆತಿರುತ್ತವೆ, ಆದರೂ ಇದಕ್ಕಿಂತ ಗಟ್ಟಿಯಾದ ಮೊದಲ ಗುರುತು ಬೇರೆಯಿಲ್ಲ. ಆಮೇಲೆ ಹೂವಿನ ಒಳಗಿನ ಮೂರು ಗಿಡ್ಡ ಎಸಳುಗಳ ಹಸಿರು ಗುರುತು: ತಲೆಕೆಳಗಾದ ‘ವಿ’ ಆಕಾರವೇ, ತುದಿಗೊಂದು ಬುಡಕ್ಕೊಂದು ಎಂಬಂತೆ ಎರಡು ಚುಕ್ಕೆಗಳೇ, ಅಥವಾ ಎರಡೂ ಕೂಡಿದ ಗಂಟುಗುರುತೇ? ಹೂವಿನ ಮೇಲಿರುವ ಅಂಡಾಶಯ ಹಸಿರೋ ಹಳದಿಯೋ ಎಂಬುದನ್ನೂ ನೋಡಿ. ‘ವೆಂಡೀಸ್ ಗೋಲ್ಡ್’ ತಳಿಯಲ್ಲಿ ಅದೂ ಒಳಗುರುತೂ ಹಳದಿ. ಉದ್ದನೆಯ ತೆಳು ತೊಟ್ಟಿನಲ್ಲಿ ಸಣ್ಣ ಗಾಳಿಗೂ ತೂಗುವುದು ‘ಮ್ಯಾಗ್ನೆಟ್’. ಹೊರ ಎಸಳುಗಳಿಗೂ ಹಸಿರು ಗುರುತಿದ್ದು, ಅವು ದೇಗುಲದ ಮಾಡಿನಂತೆ ಹೊರಕ್ಕೆ ಚಾಚಿದ್ದರೆ ‘ಟ್ರಿಮ್’ ಅಥವಾ ಅದರ ಸಂತತಿ. ಮೊಗ್ಗಿನ ಪೊರೆ ಸೀಳಿ ಕತ್ತೆಯ ಕಿವಿಗಳಂತೆ ಎರಡಾಗಿ ನಿಂತಿದ್ದರೆ ಅದು ‘ಷಾರ್ಲಾಕಿ’ ಗುಂಪಿನದು.

ತಣ್ಣಗಿನ ದಿನ ಹೂವಿನ ಒಳಗುರುತು ಸರಿಯಾಗಿ ಕಾಣುವುದಿಲ್ಲ. ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಬಂದಾಗಲಷ್ಟೇ ಹೊರ ಎಸಳುಗಳು ಚೆನ್ನಾಗಿ ಬಿಚ್ಚಿಕೊಳ್ಳುತ್ತವೆ. ಮುಖ ನೆಲಕ್ಕೆ ಮಾಡಿರುವ ಹೂವಿನ ಒಳಗನ್ನು ನೋಡಲು ಸಣ್ಣ ಕೈಗನ್ನಡಿಯನ್ನು ಹೂವಿನ ಕೆಳಗೆ ಹಿಡಿಯಿರಿ. ಬೆರಳಿನಿಂದ ಎತ್ತಿ ತೊಟ್ಟು ಮುರಿಯಬೇಡಿ. ಬಿಸಿಲು ಬಿದ್ದ ಮಧ್ಯಾಹ್ನ ಹೂ ಬಿಚ್ಚುವಾಗಲೇ ಜನವೂ ಸೇರುತ್ತದೆ. ನನಗೆ ಗದ್ದಲ ಆಗುವುದಿಲ್ಲ; ಕಾಲುದಾರಿಯಲ್ಲಿ ಸಾಲುಗಟ್ಟಿ ನಿಂತು ಒಂದು ಹೂವಿನ ಚಿತ್ರ ತೆಗೆಯಬೇಕಾಗಿ ಬಂದಾಗ ಹಿಂದಿರುಗಿ ಹೋಗಬೇಕೆನಿಸಿತು. ಅಲ್ಲಿಯ ಸರೋವರದ ವಿಚಿತ್ರ ನೀಲಿ ನೀರಿನ ದಡದಲ್ಲಿ ಅರ್ಧ ಗಂಟೆ ಕುಳಿತಿದ್ದು, ಮುಚ್ಚುವ ಹೊತ್ತು ಹತ್ತಿರವಾದಾಗ ಎರಡನೆಯ ಸುತ್ತು ಹೋಗಿದ್ದರಿಂದಲೇ ಸಮಾಧಾನವಾಗಿ ನೋಡಲು ಸಾಧ್ಯವಾಯಿತು.

ಮರಳುವಾಗಿನ ಬಸ್ಸಿನ ವಿಷಯ ಹೇಳಲೇಬೇಕು. ವೇಳಾಪಟ್ಟಿಯಲ್ಲಿದ್ದ ಸಂಜೆಯ ಬಸ್ಸು ಬರಲೇ ಇಲ್ಲ. ಆ ರಸ್ತೆಯ ಬದಿಯಲ್ಲಿ ನಾವು ನಿಂತಲ್ಲಿ ನೆರಳಾಗಲಿ ದೀಪವಾಗಲಿ ಇರಲಿಲ್ಲ, ಕಾರುಗಳು ವೇಗವಾಗಿ ಸಾಗುತ್ತಿದ್ದವು, ಮಳೆ ಹಿಡಿಯಿತು, ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಅರವತ್ತೆಂಟು ವರ್ಷದ ಅಕ್ಕ ಒಂದು ಗಂಟೆ ಇಪ್ಪತ್ತು ನಿಮಿಷ ಹಾಗೆ ನಿಲ್ಲಬೇಕಾಯಿತು. ಬಸ್ಸನ್ನು ರದ್ದು ಮಾಡಿದ ಸೂಚನೆ ಎಲ್ಲಿಯೂ ಇರಲಿಲ್ಲ. ಕೊನೆಗೆ ತೋಟದಿಂದ ಹೊರಟ ದಂಪತಿಗಳು ಕಾರು ನಿಲ್ಲಿಸಿ ನಮ್ಮನ್ನು ಕರೆದೊಯ್ದರು. ವಯಸ್ಸಾದವರ ಜೊತೆ ಹೋಗುವವರು ಹೋಗುವಾಗಲೇ ಟ್ಯಾಕ್ಸಿಯವರೊಂದಿಗೆ ಮರಳುವ ಹೊತ್ತನ್ನೂ ಗೊತ್ತುಮಾಡಿಕೊಳ್ಳಲಿ.

ಭಾನುವಾರದ ಪೇನ್ಸ್‌ವಿಕ್ ಇದಕ್ಕೆಲ್ಲ ಪರಿಹಾರವಾಯಿತು. 19ನೆಯ ಶತಮಾನದಲ್ಲಿ ಜೇಮ್ಸ್ ಆಟ್ಕಿನ್ಸ್ ಎಂಬ ತೋಟಗಾರ ಇದ್ದ ಊರು ಇದು. ಎತ್ತರದ ತೊಟ್ಟು, ನೀಳ ಹನಿಯಂಥ ಹೂವಿನ ‘ಆಟ್ಕಿನ್ಸಿಐ’ ತಳಿಗೆ ಅವನದೇ ಹೆಸರು. ಇಲ್ಲಿಯ ರೊಕೊಕೊ ಉದ್ಯಾನದ ಇಳಿಜಾರಿನಲ್ಲಿ ಹೂಗಳು ಹಾಸಿದಂತಿರುತ್ತವೆ. ಅಪರೂಪದ ತಳಿ ಹುಡುಕುವವರು ಇಲ್ಲಿ ಎರಡು ಗಂಟೆ ಕಳೆದರೆ ಸಾಕು.

ಹತ್ತಿರದ ಸಭಾಂಗಣವೊಂದರಲ್ಲಿ ಊರಿನ ಹೆಂಗಸರು ಮಧ್ಯಾಹ್ನದ ಊಟ ನಡೆಸುತ್ತಿದ್ದರು. ಐದೂವರೆ ಪೌಂಡಿಗೆ ಆಲೂಗಡ್ಡೆ ಮತ್ತು ಲೀಕ್ ಹಾಕಿದ ಬಿಸಿ ಸೂಪ್, ಎರಡು ದಪ್ಪ ಹೋಳು ಬ್ರೆಡ್, ಬೆಣ್ಣೆ, ಬೇಕಾದಷ್ಟು ಚಹಾ. ಅಕ್ಕ ಮಾಂಸ, ಮೊಟ್ಟೆ ಮುಟ್ಟುವುದಿಲ್ಲ ಎಂದಾಗ ಬಡಿಸುತ್ತಿದ್ದ ಹಿರಿಯಾಕೆ ಬೇಸರಿಸದೆ ಒಳಗೆ ಹೋಗಿ, ಸೂಪಿಗೆ ಹಾಕಿದ ತರಕಾರಿ ಸಾರದ ಡಬ್ಬಿಯನ್ನೇ ತಂದು ತೋರಿಸಿದರು. ಕೇಕಿನಲ್ಲಿ ಮೊಟ್ಟೆಯಿದೆ ಎಂದು ತಾವಾಗಿಯೇ ತಿಳಿಸಿ, ಅದರ ಬದಲು ಹೆಚ್ಚಿದ ಸೇಬನ್ನು ತಂದಿಟ್ಟರು. ಕರಿಮೆಣಸಿನ ಪುಡಿ ಕೇಳಿದ್ದಕ್ಕೆ ಇಡೀ ಕುಟ್ಟಣಿಯೇ ಬಂತು. ಹಿಂದಿನ ರಾತ್ರಿ 140 ಪೌಂಡಿನ ಕೋಣೆಯಲ್ಲಿ ಬಿಸಿನೀರಿಲ್ಲದೆ ಮಲಗಿದ್ದ ಅಕ್ಕ, ಈ ಪ್ರವಾಸದಲ್ಲಿ ಮನೆಯವರಂತೆ ಕಂಡವರು ಇವರೊಬ್ಬರೇ ಎಂದಳು.

ಕೊಳ್ಳುವವರು ಹೂ ಬಿಚ್ಚಿದ ಗಿಡವನ್ನೇ, ಎಲೆ ಹಸಿರಾಗಿರುವಾಗಲೇ, ತಾವೇ ಬೆಳೆಸಿ ಮಾರುವವರಿಂದ ಕೊಳ್ಳಿ. 2015ರಲ್ಲಿ ‘ಗೋಲ್ಡನ್ ಫ್ಲೀಸ್’ನ ಒಂದು ಗೆಡ್ಡೆ 1,390 ಪೌಂಡಿಗೂ, 2022ರಲ್ಲಿ ‘ಗೋಲ್ಡನ್ ಟಿಯರ್ಸ್’ನದು 1,850 ಪೌಂಡಿಗೂ ಹರಾಜಾಗಿವೆ; ಹೆಸರಿಗೆ ಇಷ್ಟು ಬೆಲೆ ಬಂದಾಗ ಸುಳ್ಳು ಚೀಟಿಗಳೂ ಬರುತ್ತವೆ. ಚೀಟಿ, ಎಲೆಯ ಬುಡ, ಒಳಗುರುತು, ಅಂಡಾಶಯ, ಈ ನಾಲ್ಕರ ಚಿತ್ರಗಳನ್ನು ಮಾರುವವರ ಎದುರಿನಲ್ಲೇ ತೆಗೆದುಕೊಳ್ಳಿ.

ಅಕ್ಕನಿಗೆ ಎರಡು ಗೆಡ್ಡೆ ಊರಿಗೆ ಒಯ್ಯುವ ಆಸೆಯಿತ್ತು. ಗ್ಯಾಲಂಥಸ್ ಕುಲ ಪೂರ್ತಿಯಾಗಿ, ಅಳಿವಿನಂಚಿನ ಸಸ್ಯ-ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ ದೇಶ ದಾಟಿಸಲು ಪರವಾನಗಿ ಬೇಕು; ಭಾರತಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಇವೆಲ್ಲ ದೊರೆತರೂ ಚಳಿಗಾಲದ ನಿಜವಾದ ಶೀತವಿಲ್ಲದ ಸಾಗರದಲ್ಲಿ ಅದು ಬಾಳುವುದಿಲ್ಲ. ಗೆಡ್ಡೆ ಸಣ್ಣ ಈರುಳ್ಳಿಯಂತೆಯೇ ಕಾಣುವುದರಿಂದ, ಮತ್ತು ಅದು ವಿಷವಾದ್ದರಿಂದ, ಕೊಂಡವರು ಅಡುಗೆಮನೆಯಲ್ಲಿ ಇಡಬೇಡಿ. ನನ್ನ ಹದಿನೆಂಟು ಪೌಂಡಿನ ನಿವಾಲಿಸ್ ಈಗ ಹಿತ್ತಿಲಿನ ಸೇಬಿನ ಮರದ ಕೆಳಗಿದೆ; ಹಳೆಯ ಚೀಟಿ ತೆಗೆದು ಸರಿಯಾದ ಹೆಸರು ಬರೆದಿದ್ದೇನೆ.