ಹಾಯಿದೋಣಿಯ ಚುಕ್ಕಾಣಿ ಚಕ್ರಕ್ಕೆ ಮನೆಯಲ್ಲೇ ಆಟೋಪೈಲಟ್ ಡ್ರೈವ್

ಆಟೋಪೈಲಟ್ ಡ್ರೈವ್ ಎಂದರೆ ದೋಣಿ ದಿಕ್ಕು ತಪ್ಪದಂತೆ ಚುಕ್ಕಾಣಿ ಚಕ್ರವನ್ನು ತಾನೇ ತಿರುಗಿಸುವ ಮೋಟಾರ್ ಜೋಡಣೆ. ಮೋಟಾರ್ ಕೊಳ್ಳುವ ಮುಂಚೆ ಸ್ಪ್ರಿಂಗ್ ತಕ್ಕಡಿಯನ್ನು ಚಕ್ರದ ಅಂಚಿಗೆ ಸಿಕ್ಕಿಸಿ, ದೋಣಿ ಸಾಗುತ್ತಿರುವಾಗಲೇ ಎಳೆದು ನೋಡಿ. 70 ಸೆಂ.ಮೀ. ವ್ಯಾಸದ ಚಕ್ರದಲ್ಲಿ ತಕ್ಕಡಿ 10 ಕೆ.ಜಿ. ತೋರಿಸಿದರೆ ಬೇಕಾದ ಟಾರ್ಕ್ (ತಿರುಗಿಸುವ ಬಲ) ಸುಮಾರು 35 ನ್ಯೂಟನ್ ಮೀಟರ್. ಚಕ್ರ ನಿಮಿಷಕ್ಕೆ 7–8 ಸುತ್ತು ತಿರುಗಿದರೆ ಸಾಕು.

ನಿಮಿಷಕ್ಕೆ 45 ಸುತ್ತಿನ 12 ವೋಲ್ಟ್ ವೈಪರ್ ಮೋಟಾರ್ (ಕಾರಿನ ಗಾಜು ಒರೆಸುವಂಥದ್ದು), 6:1 ಬೆಲ್ಟ್ ಇಳಿಕೆ (ಮೋಟಾರ್ ಆರು ಸುತ್ತಿದರೆ ಚಕ್ರ ಒಂದು ಸುತ್ತು) ಈ ಲೆಕ್ಕಕ್ಕೆ ಹೊಂದುತ್ತದೆ: 5 ಮಿ.ಮೀ. ಪಿಚ್ಚಿನ (ಹಲ್ಲಿನಿಂದ ಹಲ್ಲಿಗೆ ದೂರ), 15 ಮಿ.ಮೀ. ಅಗಲದ ಹಲ್ಲಿನ ಬೆಲ್ಟ್, ಮೋಟಾರಿಗೆ 20 ಹಲ್ಲಿನ ಪುಲ್ಲಿ, ಚಕ್ರದ ಕಡ್ಡಿಗಳಿಗೆ ಬಿಗಿಯುವ 19 ಸೆಂ.ಮೀ. ವ್ಯಾಸದ ಪ್ಲೈವುಡ್ ಬಳೆ. ಬಳೆಗೆ ಹಲ್ಲು ಕೊರೆಯಬೇಕಿಲ್ಲ, ರಬ್ಬರ್ ಪಟ್ಟಿ ಅಂಟಿಸಿದರೆ ಹಿಡಿತ ಸಿಗುತ್ತದೆ. ಜಾರುವುದು ಹೆಚ್ಚಾಗಿ ಚಿಕ್ಕ ಪುಲ್ಲಿಯಲ್ಲೇ. ಅಲ್ಲಿ ಕನಿಷ್ಠ ಆರು ಹಲ್ಲು ಕಚ್ಚಿಕೊಂಡಿರಬೇಕು.

ಬಳೆ ನಡುವಿಗೆ ಸರಿಯಾಗಿ ಕೂರಲೇಬೇಕು. ಪೆನ್ಸಿಲನ್ನು ಬಳೆಯ ಅಂಚಿನ ಹತ್ತಿರ ಅಲುಗಾಡದಂತೆ ಹಿಡಿದು ಚಕ್ರ ತಿರುಗಿಸಿ, ಸಂದು ಹಿಗ್ಗುತ್ತದೆಯೇ ಕುಗ್ಗುತ್ತದೆಯೇ ನೋಡಿ. ನಡುವಿನಿಂದ ಎರಡು ಮಿ.ಮೀ. ಸರಿದರೂ ಪ್ರತಿ ಸುತ್ತಿನಲ್ಲಿ ಬೆಲ್ಟ್ ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗುತ್ತದೆ.

ವೈಪರ್ ಮೋಟಾರಿನ ವರ್ಮ್ ಗೇರ್ (ತಿರುಪಿನಾಕಾರದ ಗೇರ್) ಹೊರಗಿನಿಂದ ತಿರುಗಿಸಿದರೆ ತಿರುಗುವುದಿಲ್ಲ, ಹಾಗಾಗಿ ಬೆಲ್ಟ್ ಬಿಗಿಯಾಗಿರುವಾಗ ಚಕ್ರವನ್ನು ಕೈಯಿಂದ ತಿರುಗಿಸಲಾಗದು. ಆದ್ದರಿಂದ ಮೋಟಾರನ್ನು ಕೀಲಿನ ಮೇಲೆ ಕೂರಿಸಿ, ಒಂದೇ ಏಟಿಗೆ ಬೆಲ್ಟ್ ಸಡಿಲಿಸುವ ಲಿವರ್ ಇಡಿ. ಎದುರಿಗೆ ಇನ್ನೊಂದು ದೋಣಿ ಬಂದಾಗ ಆ ಲಿವರ್ ನೀವು ನಿಂತಲ್ಲಿಂದಲೇ ಕೈಗೆ ಸಿಗಬೇಕು. ಇದರಲ್ಲಿ ರಾಜಿ ಬೇಡ.

ಅನೇಕ ವೈಪರ್ ಮೋಟಾರುಗಳಲ್ಲಿ ನೆಗೆಟಿವ್ ಸಂಪರ್ಕ ಹೊರಕವಚಕ್ಕೇ ಇರುತ್ತದೆ. ಎರಡೂ ದಿಕ್ಕಿಗೆ ಓಡಿಸಲು ಅದನ್ನು ಬಿಡಿಸಿ ಬೇರೆ ತಂತಿ ತೆಗೆಯಿರಿ, ಇಲ್ಲದಿದ್ದರೆ ಕವಚ ಲೋಹಕ್ಕೆ ತಾಗಿದ ಕೂಡಲೇ ಶಾರ್ಟ್ ಆಗುತ್ತದೆ. 15 ಆಂಪಿಯರ್ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಆಟೋಪೈಲಟ್‌ಗೆ ದಿಕ್ಕು ತಿಳಿಸುವ ದಿಕ್ಸೂಚಿ ಸೆನ್ಸರ್ ಮೋಟಾರಿನ ಅಯಸ್ಕಾಂತದಿಂದ ಒಂದು ಮೀಟರಾದರೂ ದೂರವಿರಲಿ.